ಕ್ಯಾಷಲ್ಲಿ ಕೊಡಿ

ಬೆಳಗ್ಗೆ ಎಂಟು ಗಂಟೆ, ಬಸವನಗುಡಿ ಕಡೆಯ ಒಂದು ಹೋಟೆಲು. ಎದುರಿಗೆ ಕೂತಿದ್ದ ಹುಡುಗ ಖಾರಾಬಾತ್ ಮುಗಿಸಿ ಕೈತೊಳೆದು ಬಂದ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಸಪ್ಲೈಯರ್ ಬಿಲ್ಲು ಹರಿದು ಲೋಟದ ಕೆಳಗೆ ಸಿಕ್ಕಿಸಿ, "ಕ್ಯಾಷಲ್ಲಿ ಕೊಡಿ ಸಾರ್" ಅಂದ.

"ಕ್ಯಾಷ್ ಇಲ್ವಲ್ಲಪ್ಪ, ಫೋನ್‌ಪೇ ಮಾಡ್ತೀನಿ."

"ಅದೇ ಸಾರ್, ಕ್ಯಾಷಲ್ಲಿ ಮಾಡಿ."

"ಕ್ಯಾಷ್ ಇಲ್ಲ ಅಂದ್ನಲ್ಲ!"

"ಅಯ್ಯೋ, ಸ್ಕ್ಯಾನ್ ಮಾಡೋದು ಕ್ಯಾಷಲ್ಲೇ ಇರೋದು ಸಾರ್."

ಸಪ್ಲೈಯರ್ ಗದ್ದ ಎತ್ತಿ ಬಾಗಿಲ ಬಳಿಯ ಮೇಜನ್ನು ತೋರಿಸಿದ ಮೇಲೆ ವ್ಯಾಜ್ಯ ಬಗೆಹರಿಯಿತು. ನನ್ನ ಕಾಫಿ ಮಾತ್ರ ಆರಿಹೋಯಿತು.

*

ಇಬ್ಬರದೂ ತಪ್ಪಿಲ್ಲ, ತಪ್ಪು ಸಪ್ತಮಿ ವಿಭಕ್ತಿಯದು. 'ಕ್ಯಾಷಲ್ಲಿ' ಅಂದರೆ ನಗದಿನ ರೂಪದಲ್ಲಿ ಅಂತಲೂ ಆಗುತ್ತದೆ, ಕ್ಯಾಷ್ ಎಂಬ ಜಾಗದಲ್ಲಿ ಅಂತಲೂ ಆಗುತ್ತದೆ. ಹುಡುಗ ಮೊದಲನೆಯದನ್ನು ಕೇಳಿಸಿಕೊಂಡ, ಸಪ್ಲೈಯರ್ ಎರಡನೆಯದನ್ನು ಹೇಳಿದ.

ಅಂದಿನಿಂದ ಕಿವಿಗೊಟ್ಟು ಕೇಳುತ್ತಿದ್ದೇನೆ. ಹೋಟೆಲಿನವರ ಬಾಯಲ್ಲಿ ಕ್ಯಾಷ್ ದುಡ್ಡಲ್ಲ, ಅದೊಂದು ಸ್ಥಳ. "ಇವತ್ತು ಕ್ಯಾಷಲ್ಲಿ ಅವರ ಮಗ ಕೂತಿದ್ದಾರೆ." "ಛತ್ರಿ ಮರೆತಿದ್ರಲ್ಲ, ಕ್ಯಾಷ್ ಹತ್ರ ಇದೆ ನೋಡಿ." ಒಮ್ಮೊಮ್ಮೆ ಅದು ಮನುಷ್ಯನೂ ಆಗುತ್ತದೆ: "ಪಾರ್ಸಲ್ ಲೇಟು ಅಂದ್ರೆ ಕ್ಯಾಷ್‌ಗೆ ಹೇಳಿ, ನನಗೆ ಹೇಳ್ಬೇಡಿ." ಇಂಗ್ಲಿಷ್ ಮೇಷ್ಟರಿಗೆ ತೋರಿಸಿದರೆ ಮೂರಕ್ಕೂ ಕೆಂಪು ಗೆರೆ ಎಳೆದಾರು. ನಾನೂ ಮನಸ್ಸಿನಲ್ಲೇ ಎಳೆಯುತ್ತಿದ್ದೆ. ಶಬ್ದಕೋಶ ತೆಗೆದು ನೋಡಿದ ಮೇಲೆ ನಿಲ್ಲಿಸಿದೆ.

*

ಸಪ್ಲೈಯರ್ ಹೇಳಿದ್ದೇ ಹಳೆಯ ಅರ್ಥ.

ಇಂಗ್ಲಿಷಿಗೆ ಈ ಮಾತು ಬಂದದ್ದು 1590ರ ದಶಕದಲ್ಲಿ, ಇಟಲಿಯ 'ಕಾಸ್ಸಾ' ಮತ್ತು ಫ್ರೆಂಚರ 'ಕೆಸ್' ಕಡೆಯಿಂದ. ಎರಡಕ್ಕೂ ಪೆಟ್ಟಿಗೆ ಎಂದೇ ಅರ್ಥ. ಎರಡರ ಅಜ್ಜಿ ಲ್ಯಾಟಿನ್ನಿನ 'ಕಾಪ್ಸಾ', ಅದೂ ಪೆಟ್ಟಿಗೆಯೇ. ವ್ಯಾಪಾರಿ ದುಡ್ಡು ಹಾಕಿಡುವ ಪೆಟ್ಟಿಗೆ ಮೊದಲು ಕ್ಯಾಷ್ ಅನ್ನಿಸಿಕೊಂಡಿತು. ಆಮೇಲೆ ಹೆಸರು ಮುಚ್ಚಳ ದಾಟಿ ಒಳಗಿನ ದುಡ್ಡಿಗೆ ಅಂಟಿತು. ಬರಬರುತ್ತಾ ದುಡ್ಡೇ ಗಟ್ಟಿಯಾಗಿ ಪೆಟ್ಟಿಗೆಯ ಅರ್ಥ ಸವೆದುಹೋಯಿತು. ಎಷ್ಟು ಸವೆಯಿತೆಂದರೆ ಕೊನೆಗೆ ಇಂಗ್ಲಿಷಿನವರು ಕ್ಯಾಷ್ ಇಡುವುದಕ್ಕೆ ಬೇರೆ ಪೆಟ್ಟಿಗೆ ಮಾಡಿಸಿ, ಅದಕ್ಕೆ 'ಕ್ಯಾಷ್ ಬಾಕ್ಸ್' ಎಂದು ಹೆಸರಿಟ್ಟರು. ಬಿಡಿಸಿದರೆ ಪೆಟ್ಟಿಗೆ-ಪೆಟ್ಟಿಗೆ. ನಾವು ನಡುಸೆಂಟರ್ ಅನ್ನುವುದಕ್ಕೆ ಅವರು ನಗುವ ಹಾಗಿಲ್ಲ.

ಶೇಕ್ಸ್‌ಪಿಯರ್ ಸುಮಾರು 1599ರಲ್ಲಿ ಬರೆದ 'ಐದನೆಯ ಹೆನ್ರಿ' ನಾಟಕದಲ್ಲಿ ಈ ಪದ ಒಮ್ಮೆ ತಲೆ ಹಾಕುತ್ತದೆ. ಹೇಳುವವನು ರಾಜನೂ ಅಲ್ಲ, ವರ್ತಕನೂ ಅಲ್ಲ. ಇಬ್ಬರು ಪುಂಡರ ನಡುವೆ ಬಾಜಿಯಲ್ಲಿ ಗೆದ್ದ ಎಂಟು ಶಿಲ್ಲಿಂಗ್ ಬಾಕಿಯ ಜಗಳ, ಕತ್ತಿ ಹಿರಿದಾಗಿದೆ, ಕೊನೆಗೆ ಒಬ್ಬ ಕ್ಯಾಷ್ ಕೊಡುತ್ತೇನೆ ಎಂದು ಒಪ್ಪಿಕೊಳ್ಳುತ್ತಾನೆ. ಆಗಿನ್ನೂ ಅದು ಊರಿಗೆ ಹೊಸದಾಗಿ ಬಂದ ಪದ. ಕೇಳಿದ ಜನಕ್ಕೆ ಒಳ್ಳೆ ಫ್ಯಾಷನ್ನಿನ ಮಾತು ಅನ್ನಿಸಿರಬೇಕು, ಇದು ನನ್ನ ಊಹೆ.

ಇಟಲಿಯಲ್ಲಿ ಕಾಸ್ಸಾ ಇವತ್ತಿಗೂ ಜಾಗದ ಹೆಸರೇ. ಅಲ್ಲಿ ಎಷ್ಟೋ ಕಾಫಿ ಅಂಗಡಿಗಳಲ್ಲಿ ಮೊದಲು ಕಾಸ್ಸಾಗೆ ಹೋಗಿ ದುಡ್ಡು ಕಟ್ಟಿ, ಚೀಟಿ ಹಿಡಿದು ಕಾಫಿ ಕೊಡುವವನ ಮುಂದೆ ನಿಲ್ಲಬೇಕು. ನಿಂತೇ ಕುಡಿಯಬೇಕು. ಥೇಟು ನಮ್ಮ ದರ್ಶಿನಿ.

*

ಕಾಪ್ಸಾ ಅಜ್ಜಿಯ ಮೊಮ್ಮಕ್ಕಳನ್ನು ಪಟ್ಟಿ ಮಾಡುತ್ತಾ ಕೂತೆ. ಸೂಟ್‌ಕೇಸಿನ ಕೇಸು. ಗುಳಿಗೆಯ ಕ್ಯಾಪ್ಸೂಲು, ಅಂದರೆ ಪುಟಾಣಿ ಪೆಟ್ಟಿಗೆ. ರಾಜಣ್ಣನ ಹಾಡು ಕೇಳುತ್ತಿದ್ದ ಕ್ಯಾಸೆಟ್ಟು, ಅದೂ ಪುಟಾಣಿ ಪೆಟ್ಟಿಗೆ. ಲಾರಿ ಬಾಡಿ ಕಟ್ಟುವವರು ದಿನಕ್ಕೆ ನೂರು ಸಲ ಅನ್ನುವ 'ಚಾಸಿ' ಕೂಡ ಈ ವಂಶದ್ದೇ. ಕೋರ್ಟಿನ ಕೇಸು ಮಾತ್ರ ಅಲ್ಲ. ಅದು ಬೀಳುವುದು, ಬಂದೊದಗುವುದು ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದ. ಕೇಸು ಬಿತ್ತು ಅಂತ ನಾವು ಹೇಳುವುದು ಸರಿಯಾಗೇ ಇದೆ ಹಾಗಾದರೆ.

ಹಣಕಾಸಿನ ಮಾತುಗಳನ್ನು ಕೆರೆದರೆ ಕೆಳಗೆ ಸಿಗುವುದು ಬರೀ ಸಾಮಾನು ತುಂಬುವ ಸಾಮಾನುಗಳು. ಬಜೆಟ್ ಅಂದರೆ ಹಳೆಯ ಫ್ರೆಂಚಿನಲ್ಲಿ ಸಣ್ಣ ಚರ್ಮದ ಚೀಲ. ಅರ್ಥಶಾಸ್ತ್ರಜ್ಞರ 'ಫಿಸ್ಕಲ್' ರೋಮನ್ನರ ಬುಟ್ಟಿ. ವಿಧಾನಸೌಧದ ಮೆಟ್ಟಿಲ ಮೇಲೆ ಮುಖ್ಯಮಂತ್ರಿಗಳು ಬಜೆಟ್ಟಿನ ಸೂಟ್‌ಕೇಸ್ ಹಿಡಿದು ಫೋಟೋಕ್ಕೆ ನಿಂತರೆ, ಪದಗಳ ಲೆಕ್ಕದಲ್ಲಿ ಅವರು ಪೆಟ್ಟಿಗೆಯೊಳಗೆ ಚೀಲ ಹಿಡಿದು ನಿಂತಿದ್ದಾರೆ. ಒಳಗೇನಿದೆ ಅನ್ನುವುದು ಬೇರೆ ಪ್ರಶ್ನೆ.

*

ನಮ್ಮ ಗಲ್ಲಾಪೆಟ್ಟಿಗೆ ಇದಕ್ಕೆ ಉಲ್ಟಾ ನಡೆದಿದೆ. ಅಲ್ಲಿ ಪೆಟ್ಟಿಗೆಯ ಹೆಸರು ದುಡ್ಡಿಗೆ ಹೋಯಿತು. ಇಲ್ಲಿ ಒಳಗಿನದರ ಹೆಸರು ಪೆಟ್ಟಿಗೆಗೆ ಬಂದಿದೆ. ಗಲ್ಲಾ ಅನ್ನುವುದು ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ಬಂದ ಮಾತು. ಹುಟ್ಟಿನಲ್ಲಿ ದವಸ, ಬೆಳೆಯ ಉತ್ಪತ್ತಿ ಅಂತ ಅರ್ಥ. ಉತ್ತರದಲ್ಲಿ ಧಾನ್ಯದ ಪೇಟೆಗೆ ಇವತ್ತೂ 'ಗಲ್ಲಾ ಮಂಡಿ' ಅನ್ನುತ್ತಾರೆ, ಅಂಗಡಿಯ ದುಡ್ಡಿನ ಡಬ್ಬಕ್ಕೂ ಗಲ್ಲಾ ಅನ್ನುತ್ತಾರೆ. ನಾವು ಸಾಲದ್ದಕ್ಕೆ ಪೆಟ್ಟಿಗೆಯನ್ನೂ ಸೇರಿಸಿ, ಇಂಗ್ಲಿಷಿನವರು ಮಾಡಿದ ತಪ್ಪನ್ನೇ ಮಾಡಿದೆವು. ಅಷ್ಟಕ್ಕೇ ಬಿಡಲಿಲ್ಲ, ಸಿನಿಮಾ ಪುಟದವರು ಅದನ್ನೆತ್ತಿ 'ಗಲ್ಲಾಪೆಟ್ಟಿಗೆಯಲ್ಲಿ ಸದ್ದು' ಮಾಡಿಸಿದರು.

ತೇಗದ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಇಳಿಜಾರು ಮುಚ್ಚಳ, ಅದರಲ್ಲಿ ಹಿತ್ತಾಳೆ ಅಂಚಿನ ಒಂದು ಸೀಳು, ಒಳಗೆ ನಾಲ್ಕಾರು ಬಟ್ಟಲಿನಂಥ ಖಾನೆ. ನಾಣ್ಯ ಬಿದ್ದ ಸದ್ದಿನಲ್ಲೇ ನಾಲ್ಕಾಣೆಯೋ ಎಂಟಾಣೆಯೋ ಎಂದು ಮುಖ ಎತ್ತದೆ ಹೇಳುವವರಿದ್ದರು. ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಅದಕ್ಕೆ ಊದುಬತ್ತಿ. ಬೋಣಿಯ ನೋಟನ್ನು ಮೊದಲು ಅದರ ಮೇಲೊತ್ತಿ, ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

*

ಪಾರ್ಕಿನಲ್ಲಿ ವಿಷಯ ಬಾಯಿಬಿಟ್ಟಿದ್ದು ನನ್ನದೇ ತಪ್ಪು. ವಾಕಿಂಗ್ ಗೆಳೆಯರೊಬ್ಬರು, ನಿವೃತ್ತ ಎಂಜಿನಿಯರು, ನಡಿಗೆ ನಿಲ್ಲಿಸಿಯೇಬಿಟ್ಟರು.

"ಲ್ಯಾಟಿನ್ ಅಂತೆ ಲ್ಯಾಟಿನ್! ಕ್ಯಾಷ್ ಅಂದ್ರೆ ನಮ್ಮ ಕಾಸು ಕಣ್ರೀ. ಕಾಸು, ಕಾಸ್, ಕ್ಯಾಷ್. ಕಿವಿ ಇರೋರಿಗೆ ಡಿಕ್ಷನರಿ ಯಾಕೆ?"

ಕಿವಿ ನನಗೂ ಇದೆ. ಆ ಹೋಲಿಕೆ ನನಗೂ ಕೇಳಿಸಿತ್ತು, ಆಸೆಯೂ ಆಗಿತ್ತು. ಇಡೀ ಜಗತ್ತು ಎಣಿಸುವ ಕ್ಯಾಷು ನಮ್ಮ ಮನೆಯ ಕಾಸು ಅಂದರೆ ಯಾರಿಗೆ ಬೇಡ? ಆದರೆ ಕಿವಿಯ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಾಶ್ಮೀರದ ಕ್ಯಾಶ್ಮಿಯರ್ ಶಾಲಿಗೂ, ಬ್ರೆಜಿಲಿನ ತುಪಿ ಜನರ ಮಾತಿನಿಂದ ಪೋರ್ಚುಗೀಸರು ತಂದ ಕ್ಯಾಶ್ಯೂಗೂ ಇದೇ ಸದ್ದಿದೆ, ಸಂಬಂಧ ಇಲ್ಲ.

ಮನೆಗೆ ಬಂದು ನೋಡಿದರೆ ಅವರು ಪೂರ್ತಿ ಸೋತಿರಲಿಲ್ಲ. ಇಂಗ್ಲಿಷ್ ಕೋಶದಲ್ಲಿ ಕ್ಯಾಷ್ ಎರಡಿವೆ. ಒಂದೇ ಕಾಗುಣಿತ, ಒಂದೇ ಉಚ್ಚಾರ, ಬೇರೆ ಬೇರೆ ಬೇರು. ಒಂದು ಪೆಟ್ಟಿಗೆಯಿಂದ ಬಂದ ನಗದು. ಇನ್ನೊಂದು ಪೂರ್ವದೇಶಗಳ ಸಣ್ಣ ನಾಣ್ಯಗಳಿಗೆ ಯುರೋಪಿನವರು ಕೊಟ್ಟ ಹೆಸರು. ಆ ಎರಡನೆಯದು ನಮ್ಮದು. ತಮಿಳು, ಮಲಯಾಳ, ಕನ್ನಡ, ತುಳು, ತೆಲುಗು ಎಲ್ಲಕ್ಕೂ ಸೇರಿದ ಕಾಸು.

*

ಹಾಬ್ಸನ್-ಜಾಬ್ಸನ್ ಕೋಶ ತೆಗೆದೆ. ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಸೇರಿದ ಈ ಕಡೆಯ ಮಾತುಗಳ ಹಗೇವು ಅದು, 1886ರಲ್ಲಿ ಬಂತು. ಬರೆದವರಲ್ಲಿ ಯೂಲ್ ಒಬ್ಬ. ಇನ್ನೊಬ್ಬ ಬರ್ನೆಲ್, ಮಂಗಳೂರು, ತಂಜಾವೂರುಗಳಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆಯೂ ಬರೆದವನು. ಕಾಸನ್ನು ಕೈಯಲ್ಲಿ ಮುಟ್ಟಿದ ಮನುಷ್ಯ ಅನ್ನುವ ಭರವಸೆ ನನಗೆ.

ಕಥೆಯ ನಡುವೆ ಪೋರ್ಚುಗೀಸರಿದ್ದಾರೆ. ಅವರು ಬಂದಿಳಿದದ್ದು ಮಲಬಾರಿನಲ್ಲಿ. ಅಲ್ಲಿ ಕಾಸಿನ ಉಚ್ಚಾರ 'ಕಾಶು'. ಅವರ ಭಾಷೆಯಲ್ಲಿ ಪೆಟ್ಟಿಗೆಗೆ 'ಕೈಶ'. ಅಪರಿಚಿತ ಮಾತು ಕಿವಿಗೆ ಬಿದ್ದರೆ ಮನುಷ್ಯ ಮಾಡುವುದು ಒಂದೇ, ಮನೆಯಲ್ಲಿ ಮೊದಲೇ ಇರುವ ಮಾತಿನ ಅಂಗಿ ತೊಡಿಸುವುದು. ನಮ್ಮೂರಿನವರು ಹಾಸ್ಪಿಟಲ್ಲನ್ನು ಆಸ್ಪತ್ರೆ ಮಾಡಿಕೊಂಡ ಹಾಗೆ. ಪೋರ್ಚುಗೀಸರು ಕಾಶುವನ್ನು ಕೈಶ ಎಂದು ಬರೆದುಕೊಂಡರು. ಕಾಸು ಹೀಗೆ ಕಾಗದದ ಮೇಲೆ ಪೆಟ್ಟಿಗೆಯಾಯಿತು.

ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದ ಡಚ್ಚರ ಲಿನ್ಸ್‌ಕೋಟೆನ್ ಊರಿಗೆ ಮರಳಿ ದೊಡ್ಡ ಪ್ರವಾಸಗ್ರಂಥ ಬರೆದ. ಅದರ ಇಂಗ್ಲಿಷ್ ರೂಪ ಬಂದದ್ದು 1598ರಲ್ಲಿ. ಜಾವಾದ ಸುಂದಾ ಸೀಮೆಯ ತಾಮ್ರದ ನಾಣ್ಯಗಳನ್ನು ಅವನೂ ಕೈಶ ಎಂದೇ ಕರೆದಿದ್ದಾನೆ. ನನಗೆ ಅಚ್ಚರಿಯಾಗಿದ್ದು ವರ್ಷ ನೋಡಿ. ಪೆಟ್ಟಿಗೆಯ ಕ್ಯಾಷ್ ಲಂಡನ್ನಿಗೆ ಇಟಲಿ, ಫ್ರಾನ್ಸಿನ ದಾರಿಯಿಂದ ಬಂದಿಳಿದದ್ದೂ ಅದೇ ದಶಕದಲ್ಲಿ. ಒಂದು ಪಶ್ಚಿಮದ ಬಾಗಿಲಲ್ಲಿ, ಇನ್ನೊಂದು ಪೂರ್ವದ ಬಾಗಿಲಲ್ಲಿ. ಒಳಗೆ ಬಂದು ಒಂದನ್ನೊಂದು ನೋಡಿ, ಒಂದೇ ಮುಖ ಅಂತ ಅನ್ನಿಸಿ, ಒಂದೇ ಕಾಗುಣಿತ ಹಂಚಿಕೊಂಡವು.

ಗೆಳೆಯರಿಗೆ ಇದನ್ನು ವಿವರಿಸಿದೆ. "ಅಂದ್ರೆ ಅರ್ಧ ನಮ್ಮದು" ಎಂದು ಸಮಾಧಾನಪಟ್ಟರು. ಅರ್ಧ ಅಲ್ಲ, ಇನ್ನೊಂದು ಪೂರ್ತಿ ನಮ್ಮದು ಎಂದರೆ ಅವರಿಗೆ ರುಚಿಸಲಿಲ್ಲ. ಅವರಿಗೆ ಬೇಕಿದ್ದದ್ದು ಮೊದಲನೆಯದು.

*

ಮದರಾಸಿನ ಹಳೆಯ ಲೆಕ್ಕ. 80 ಕ್ಯಾಷಿಗೆ ಒಂದು ಫನಮ್, 42 ಫನಮಿಗೆ ಒಂದು ಪಗೋಡ. ಅಂದರೆ ಪಗೋಡವೊಂದಕ್ಕೆ 3,360 ಕ್ಯಾಷ್. ಕಂಪನಿಯ ಗುಮಾಸ್ತರು ಈ ಎಂಬತ್ತು, ನಲವತ್ತೆರಡುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂಡಿ ಕಳೆದರು. 1818ರಲ್ಲಿ ರೂಪಾಯಿ ಬಂದು ಅವರನ್ನು ಪಾರು ಮಾಡಿತು.

ಆದರೆ ಇಂಗ್ಲಿಷಿನ ಧೂಳು ಒರೆಸಿ ನೋಡಿದರೆ ಮೂವರೂ ಪರಿಚಯದವರು. ಕ್ಯಾಷ್ ನಮ್ಮ ಕಾಸು. ಫನಮ್ ತಮಿಳಿನ ಪಣಂ, ಪಕಾರ ಹಕಾರವಾಗಿ ನಮ್ಮ ಬಾಯಲ್ಲಿ ಹಣ. ಪಗೋಡ ನಮ್ಮ ವರಹ. ಹಣ ಅನ್ನುವುದು ಆಗ ಭಾವನಾಮವಲ್ಲ, ಉಗುರಿನ ಮೇಲೆ ಕೂರುವಷ್ಟು ಪುಟ್ಟ ಚಿನ್ನದ ನಾಣ್ಯ. 1638ರಿಂದ 1659ರವರೆಗೆ ಮೈಸೂರಾಳಿದ ಕಂಠೀರವ ನರಸರಾಜ ಒಡೆಯರ ಕಂಠೀರಾಯ ಹಣ ನೋಡಿದವರಿಗೆ ಗೊತ್ತು. ಕೆಮ್ಮಿದರೆ ಹಾರಿಹೋದೀತು ಅನ್ನುವಂತಿರುತ್ತದೆ. ದುಡ್ಡೂ ಒಂದು ತಾಮ್ರದ ನಾಣ್ಯವೇ. ಈಗ 'ಹಣಕಾಸು ಇಲಾಖೆ' ಎಂಬ ಬೋರ್ಡು ನೋಡಿದಾಗೆಲ್ಲ, ಒಂದು ಚಿನ್ನದ ಚೂರೂ ಒಂದು ತಾಮ್ರದ ಬಿಲ್ಲೆಯೂ ಕುರ್ಚಿ ಹಾಕಿಕೊಂಡು ಕೂತಂತೆ ಕಾಣುತ್ತದೆ.

*

ಮೈಸೂರಿಗೆ ಹೋದಾಗ ಹಳೇ ನಾಣ್ಯ ಮಾರುವವನೊಬ್ಬ ರಸ್ತೆ ಬದಿಯಲ್ಲಿ ಬಟ್ಟೆ ಹಾಸಿ ಕೂತಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ್ದೊಂದನ್ನು ಅಂಗೈ ಮೇಲಿಟ್ಟ. ಒಂದು ಬದಿ ಆನೆ, ಸವೆದು ಸವೆದು ಸೊಂಡಿಲು ಯಾವುದು ಬಾಲ ಯಾವುದು ಗೊತ್ತಾಗದು. ತಿರುಗಿಸಿದೆ. ಕನ್ನಡದಲ್ಲಿ 'ಮಯಿಲಿ ಕಾಸು'. ಅದರ ಜೊತೆಗೇ ಇಂಗ್ಲಿಷಿನಲ್ಲಿ ಇಪ್ಪತ್ತರ ರೋಮನ್ ಅಂಕಿ, ಎರಡು ಕತ್ತರಿಗಳಂತೆ, ಮತ್ತು 'ಕ್ಯಾಷ್'.

ಒಂದೇ ನಾಣ್ಯದ ಮೇಲೆ ಕಾಸು ಮತ್ತು ಕ್ಯಾಷ್. ಊರಿನಲ್ಲೇ ಉಳಿದ ಅಣ್ಣನೂ, ಹಡಗು ಹತ್ತಿ ಹೋಗಿ ಹ್ಯಾಟು ಹಾಕಿಕೊಂಡು ಬಂದ ತಮ್ಮನೂ ಒಂದೇ ಫೋಟೋದಲ್ಲಿ.

"ಎಷ್ಟಪ್ಪಾ?" ಅಂದೆ. ಹೇಳಿದ. ಇಪ್ಪತ್ತು ಕಾಸಿಗೆ ಅಷ್ಟಾ ಅಂದೆ. "ಕಾಸಿಗೆ ತಕ್ಕ ಕಜ್ಜಾಯ ಸಾರ್" ಅಂತ ನನ್ನ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿಬಿಟ್ಟ. ಕೊಂಡುಕೊಳ್ಳಬೇಕಿತ್ತು ಅಂತ ಬಸ್ಸು ಮದ್ದೂರು ದಾಟಿದ ಮೇಲೆ ಅನ್ನಿಸಿತು.

*

ಸಮುದ್ರದಡಿಯ ಕಾಸು. ಇಂಗ್ಲೆಂಡಿನ ಕೆಂಟ್ ತೀರದಾಚೆ ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳದಿಬ್ಬಗಳಿವೆ, ಹಡಗು ನುಂಗುವುದಕ್ಕೆ ಕುಖ್ಯಾತ. 1809ರ ಜನವರಿಯ ಬಿರುಗಾಳಿಯಲ್ಲಿ ಮದರಾಸಿಗೆ ಹೊರಟಿದ್ದ 'ಅಡ್ಮಿರಲ್ ಗಾರ್ಡ್ನರ್' ಅಲ್ಲಿ ಮುಳುಗಿತು. ಅದರಲ್ಲಿದ್ದದ್ದು ಸುಮಾರು 50 ಟನ್ ತಾಮ್ರದ ನಾಣ್ಯ. ಹತ್ತು ಕ್ಯಾಷಿನವು, ಇಪ್ಪತ್ತು ಕ್ಯಾಷಿನವು, ಮೇಲೆ 1808ರ ಮುದ್ರೆ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯ ಉಗಿಯಂತ್ರಗಳಲ್ಲಿ ಒತ್ತಿದವು. ದಕ್ಷಿಣದ ಸಂತೆಗಳಲ್ಲಿ ಸೊಪ್ಪು, ಉಪ್ಪು ಕೊಳ್ಳಬೇಕಿದ್ದ ಕಾಸು ಒಂದು ದಿನವೂ ಚಲಾವಣೆ ಕಾಣದೆ ನೂರೆಪ್ಪತ್ತು ವರ್ಷಕ್ಕೂ ಮೇಲೆ ಮರಳಲ್ಲಿ ಮಲಗಿತ್ತು. 1980ರ ದಶಕದಲ್ಲಿ ಮುಳುಗುಗಾರರು ಲಕ್ಷಗಟ್ಟಲೆ ಎತ್ತಿದರು. ಈಗ ಅವು ನಾಣ್ಯಪ್ರಿಯರ ಕಪಾಟುಗಳಲ್ಲಿವೆ, ನಮ್ಮ ಕಡೆ ಬದುಕಿ ಸವೆದ ಕಾಸುಗಳಿಗಿಂತ ಹೊಳಪಾಗಿ.

ಆ ಇಪ್ಪತ್ತು ಕ್ಯಾಷಿನ ಒಂದು ಬದಿಯಲ್ಲಿ ಕಂಪನಿಯ ಸಿಂಹಗಳು, ಇನ್ನೊಂದು ಬದಿಯಲ್ಲಿ ಪಾರಸಿ. ಓದಿಸಿದರೆ, ಇಪ್ಪತ್ತು ಕಾಸು ಅಂದರೆ ನಾಲ್ಕು ಫಲೂಸ್ ಎಂಬ ಲೆಕ್ಕ. ಫಲೂಸಿನ ಬೆನ್ನು ಹತ್ತಿದೆ. ಅರಬ್ಬಿಯ ಫಲ್ಸ್, ಅದರ ಹಿಂದೆ ರೋಮನ್ನರ ಫೋಲಿಸ್. ಫೋಲಿಸ್ ಅಂದರೆ? ಚರ್ಮದ ಚೀಲ. ಎಲ್ಲಿಂದ ಹೊರಟರೂ ಯಾರದೋ ಚೀಲದೊಳಕ್ಕೇ ಹೋಗಿ ಬೀಳುತ್ತಿದ್ದೇನೆ.

*

ಕಾಸು ಚೀನಾಕ್ಕೂ ಹೋಗಿದೆ, ಚೀನೀಯರಿಗೆ ಗೊತ್ತಿಲ್ಲದೆ. ದುಂಡಗೆ, ನಡುವೆ ಚೌಕದ ತೂತಿರುವ ಅವರ ನಾಣ್ಯಕ್ಕೆ ಇಂಗ್ಲಿಷಿನ ಪುಸ್ತಕಗಳೆಲ್ಲ 'ಚೈನೀಸ್ ಕ್ಯಾಷ್' ಅನ್ನುತ್ತವೆ. ಅವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಪೋರ್ಚುಗೀಸರು, ಇಂಗ್ಲಿಷರು ಇಲ್ಲಿಂದ ಹೊತ್ತೊಯ್ದ ಕಾಸನ್ನು ಅಲ್ಲಿ ಅಂಟಿಸಿದರು. ಅಲ್ಲಿನವರು ಆ ತೂತಿಗೆ ದಾರ ಹಾಕಿ ಪೋಣಿಸುತ್ತಿದ್ದರು, ಹೆಸರಿಗೆ ಸಾವಿರಕ್ಕೊಂದು ಸರ.

ಪೋಣಿಸಿದ ಕಾಸು ಅಂದ ಕೂಡಲೇ ನನ್ನ ಮನಸ್ಸು ಚೀನಾ ಬಿಟ್ಟು ಅಜ್ಜಿಯ ಕೊರಳಿಗೆ ಹೋಯಿತು. ಕಾಸಿನ ಸರ. ಮದುವೆಮನೆಗೆ ಮಾತ್ರ ಹೊರಬರುತ್ತಿತ್ತು, ಹತ್ತಿಯಲ್ಲಿ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿರುತ್ತಿತ್ತು. ಬಿಲ್ಲೆಗಳ ಮೇಲೆ ಲಕ್ಷ್ಮಿ, ಸವೆದವು ಎರಡು, ಹೊಸದಾಗಿ ಮಾಡಿಸಿ ಸೇರಿಸಿದ್ದು ಒಂದು; ಆ ಹೊಸದರ ಬಣ್ಣ ಬೇರೆ ಅಂತ ಅಜ್ಜಿಗೆ ಕೊನೆಯವರೆಗೂ ಕೊರಗು. "ಅಷ್ಟೊಂದು ಕಾಸು ಹಾಕ್ಕೊಂಡಿದೀಯಲ್ಲಜ್ಜಿ, ನಂಗೊಂದು ಕೊಡು, ಪೆಪ್ಪರ್‌ಮೆಂಟು ತಗೋತೀನಿ" ಅಂತ ಕೇಳಿ ಬೈಸಿಕೊಂಡಿದ್ದೆ. ಬಚ್ಚಲ ಗೂಡಿನಲ್ಲಿ ಅಜ್ಜಿ ಇಟ್ಟಿದ್ದ ಇನ್ನೊಂದು ಕಾಸಿತ್ತು, ಯುದ್ಧದ ಕಾಲದ ತೂತು ಕಾಸು. 1943ರಿಂದ ಸರ್ಕಾರ ತಾಮ್ರ ಉಳಿಸಲು ನಡುವೆ ದೊಡ್ಡ ತೂತು ಹೊಡೆದ ಪೈಸೆ. ಅದನ್ನು ನಾನು ಸಣಬಿನ ಹುರಿಗೆ ಕಟ್ಟಿ ಗಿರಗಿರ ತಿರುಗಿಸಿ ಕಳೆದೆ.

*

ಕಾಸಿನ ಸರದಲ್ಲಿ ಕಾಸು ಚಿನ್ನದ್ದು, ಕವಡೆ ಕಾಸಿನಲ್ಲಿ ಏನೂ ಅಲ್ಲ. ಅದೇ ಪದ. ಇದು ಹೇಗೆ?

ಚೋಳರ ಶಾಸನಗಳಲ್ಲಿ ಕಾಸು ಚಿನ್ನವೇ. ತೆಲುಗಿನವರು ಇವತ್ತಿಗೂ 'ಕಾಸು ಬಂಗಾರ' ಅಂದರೆ ಒಂದು ಸವರನ್ನು, ಎಂಟು ಗ್ರಾಂ. ಕಾಲ ಇಳಿದಂತೆ ಕಾಸೂ ಇಳಿಯಿತು. ಚಿನ್ನದಿಂದ ತಾಮ್ರಕ್ಕೆ, ಕೊನೆಗೆ ಬಿಡಿಗಾಸು, ಪುಡಿಗಾಸು, ಕುರುಡು ಕಾಸಿಗೆ. ಕಿಟೆಲರು 1894ರ ಕೋಶದಲ್ಲಿ ಕಾಸಿಗೆ ಅತಿ ಸಣ್ಣ ತಾಮ್ರದ ನಾಣ್ಯ, ಒಂದು ಕ್ಯಾಷ್ ಎಂದು ಅರ್ಥ ಕೊಟ್ಟರು. ಕಾಸು ಅಂದರೇನು ಎಂದು ಕನ್ನಡಿಗ ಕೇಳಿದರೆ ಕ್ಯಾಷ್. ಕ್ಯಾಷ್ ಅಂದರೇನು ಎಂದು ಇಂಗ್ಲಿಷಿನವನು ಕೇಳಿದರೆ ಕಾಸು. ತಿರುವಾಂಕೂರಿನಲ್ಲಿ ಪದ ಇನ್ನೂ ಕೆಳಗಿಳಿಯಿತು. ಅಲ್ಲಿ 16 ಕ್ಯಾಷಿಗೆ ಒಂದು ಚಕ್ರಂ, ಅವರ ರೂಪಾಯಿಗೆ 448 ಕ್ಯಾಷ್. ಆ ನಾಣ್ಯ 1949ರವರೆಗೂ ಓಡಿತು.

ಇನ್ನೂ ಹಿಂದಕ್ಕೆ ಹೋದರೆ ಕೆಲವು ಪಂಡಿತರು ಕಾಸಿನ ತಲೆಯನ್ನು ಸಂಸ್ಕೃತದ 'ಕರ್ಷ' ಎಂಬ ತೂಕಕ್ಕೆ ಕಟ್ಟುತ್ತಾರೆ. ಕೆಲವರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಗುತ್ತಾರೆ. ಪಾರ್ಕಿನ ಗೆಳೆಯರಿಗೆ ಇದನ್ನು ಹೇಳಿಲ್ಲ. ಪೂರ್ತಿ ನಮ್ಮದು ಅಂದದ್ದೂ ಕೈಬಿಟ್ಟರೆ ನಾಳೆ ನನ್ನ ಜೊತೆ ನಡೆಯಲಿಕ್ಕಿಲ್ಲ.

*

ಅಡುಗೆಮನೆಯಿಂದ: "ಹಾಲು ಕಾಸಿದ್ರಾ?" ಇಲ್ಲ, ಕಾಸಿನ ಬಗ್ಗೆ ಬರೆಯುತ್ತಿದ್ದೆ. ಹಾಲು ಉಕ್ಕಿ ಚೆಲ್ಲಿತು. ಈ 'ಕಾಸು' ಮಾತ್ರ ಕಾಯುವುದರ ಮಗ, ಯಾವ ಹಡಗೂ ಹತ್ತದ್ದು.

*

ಬ್ಯಾಂಕಿನ ಚಲನ್ನಿನಲ್ಲಿ ಕ್ಯಾಷಿಗೆ 'ನಗದು' ಎಂದಿದೆ. ಅದೂ ಅರಬ್ಬಿಯ ಮಗು, 'ನಕ್ದ್'. ಅರಬ್ಬಿಯಲ್ಲಿ ಆ ಪದಕ್ಕೆ ಎರಡು ಅರ್ಥ: ಕೈಮೇಲಿನ ಹಣ, ಮತ್ತು ಸಾಹಿತ್ಯ ವಿಮರ್ಶೆ. ಮೊದಲು ತಮಾಷೆ ಅಂದುಕೊಂಡೆ. ನಾಣ್ಯವನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಖರೆಯದು ಖೋಟಾದ್ದು ಬೇರೆ ಮಾಡುವುದು ಆ ಧಾತುವಿನ ಕೆಲಸ. ಹಾಗೆ ತಟ್ಟಿ ನೋಡಿ ಒಪ್ಪಿದ್ದು ನಗದು. ಕವಿತೆಯನ್ನು ತಟ್ಟಿ ನೋಡಿದರೆ ವಿಮರ್ಶೆ. ಉರ್ದುವಿನಲ್ಲಿ ವಿಮರ್ಶೆಗೆ 'ತನ್‌ಕೀದ್', ಅದೂ ಇದೇ ಧಾತು. ನಮ್ಮಲ್ಲೂ ನಂಬಬಹುದಾದ ಮನುಷ್ಯನನ್ನು ನಾಣ್ಯಸ್ಥ ಅನ್ನುತ್ತೇವಲ್ಲ, ಅಲ್ಲೂ ಯಾರೋ ಯಾರನ್ನೋ ತಟ್ಟಿ ನೋಡಿದ್ದಾರೆ. ಕನ್ನಡದ ವಿಮರ್ಶೆ ಹೆಚ್ಚಾಗಿ ಉದ್ರಿಯಲ್ಲಿ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ನೀನು ನನ್ನ ಪುಸ್ತಕದ ಬಗ್ಗೆ ಬರಿ, ನಾನು ನಿನ್ನದರ ಬಗ್ಗೆ ಮುಂದಿನ ತಿಂಗಳು.

ಹುಬ್ಬಳ್ಳಿಯ ಕಡೆಯವರಿಗೆ ಈ ಎಲ್ಲ ತೊಡಕೂ ಇಲ್ಲ. ರೊಕ್ಕ ಅಂದರೆ ರೊಕ್ಕ. 'ಇಂದು ರೋಖ, ನಾಳೆ ಉದ್ರಿ' ಎಂದು ಅಂಗಡಿಯಲ್ಲಿ ಬರೆದು ತೂಗುಹಾಕಿರುತ್ತಾರೆ. ನಾಳೆ ಹೋದರೂ ಬೋರ್ಡು ಅದನ್ನೇ ಹೇಳುತ್ತದೆ.

*

ಪತ್ರಿಕೆಯಲ್ಲಿ ಓದಿದ್ದು: ಸೇನೆಯ ಅಧಿಕಾರಿಯೊಬ್ಬರನ್ನು 'ಕ್ಯಾಷಿಯರ್' ಮಾಡಲಾಯಿತು. ಗಲ್ಲೆಯಲ್ಲಿ ಕೂರಿಸಿದರು ಅಂತಲ್ಲ, ಅವಮಾನ ಮಾಡಿ ಕೆಲಸದಿಂದ ತೆಗೆದರು ಅಂತ. ಈ ಕ್ರಿಯಾಪದ ಡಚ್ಚರ ಕಡೆಯಿಂದ ಬಂದ ಬೇರೆಯೇ ಗಿರಾಕಿ, ಪೆಟ್ಟಿಗೆಗೂ ಕಾಸಿಗೂ ಸೇರಿದ್ದಲ್ಲ. ಲೆಕ್ಕ ತಪ್ಪಿದ ಕ್ಯಾಷಿಯರನ್ನು ಕ್ಯಾಷಿಯರ್ ಮಾಡಬಹುದು ಅಂತಾಯಿತು.

*

ಮತ್ತೆ ಅದೇ ಹೋಟೆಲು. ಈ ಸಲ ಕಾಫಿ ಆರಲು ಬಿಡದೆ ಕುಡಿದು, ಎದ್ದು, ಬಿಲ್ಲು ಹಿಡಿದು ಕ್ಯಾಷಿಗೆ ಹೋದೆ. ಕೂತಿದ್ದವರು ಹಿರಿಯರು, ಹಣೆಗೆ ಅಕ್ಷತೆ, ಜೇಬಲ್ಲಿ ಎರಡು ಪೆನ್ನು. ನೋಟು ಕೊಟ್ಟರೆ ಮುಖ ಹುಳಿ ಮಾಡಿ, "ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿಬಿಡಿ" ಅಂದರು. ಮೇಜಿನ ಡ್ರಾಯರು ಅರ್ಧ ತೆರೆದಿತ್ತು, ಬಗ್ಗಿ ನೋಡಿದೆ. ನಾಣ್ಯದ ಖಾನೆಗಳಲ್ಲಿ ರಬ್ಬರ್‌ಬ್ಯಾಂಡು, ಸೋಂಪಿನ ಪೊಟ್ಟಣ, ಚಾರ್ಜರಿನ ವೈರು, ಎರಡು ಬೀಗದ ಕೈ. ಹತ್ತು ರೂಪಾಯಿಯ ಒಂಟಿ ನಾಣ್ಯ ಮೂಲೆಯಲ್ಲಿತ್ತು. ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ ಅಂತ ಹಾಗೇ ಬಿಟ್ಟಿರಬೇಕು.

ಸ್ಕ್ಯಾನ್ ಮಾಡಿದೆ. ನನ್ನ ಫೋನು ಹಸಿರು ಗುರುತು ತೋರಿಸಿತು. ಅವರಿಗೂ ತೋರಿಸಿದೆ. ಅವರು ಅತ್ತ ನೋಡಲೇ ಇಲ್ಲ. ಮೇಜಿನ ಮೇಲಿದ್ದ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯ ಕಡೆ ಕಿವಿ ಓರೆ ಮಾಡಿ ಕೂತರು. ಅದಕ್ಕೂ ಒಂದು ಎಳೆ ಮಲ್ಲಿಗೆ ಮುಡಿಸಿತ್ತು, ಪಕ್ಕದಲ್ಲಿ ಆರಿದ ಊದುಬತ್ತಿ. ಹಿಂದೆ ಇಬ್ಬರು ಸರದಿಯಲ್ಲಿದ್ದರು. ನಾನು ಹೊರಡಲು ತಿರುಗಿದೆ.

"ಒಂದ್ನಿಮಿಷ ನಿಲ್ಲಿ ಸಾರ್," ಅಂದರು. "ಬಾಕ್ಸ್ ಇನ್ನೂ ಕೂಗಿಲ್ಲ."